ಬೋಣಿ ಬೆಲೆ

ದಾರಿಯಲ್ಲಿ ತರಕಾರಿ ಗಾಡಿ ಕಂಡರೆ ನಾನು ನಿಂತುಬಿಡುತ್ತೇನೆ. ಏನೂ ಕೊಳ್ಳುವುದಿಲ್ಲ, ಬೆಲೆ ಕೇಳುವುದೂ ಇಲ್ಲ. ಬೇರೆಯವರು ಚೌಕಾಸಿ ಮಾಡುವುದನ್ನು ಒಂದಿಷ್ಟು ಹೊತ್ತು ಕೇಳಿಸಿಕೊಂಡು ಮುಂದಕ್ಕೆ ಹೋಗುತ್ತೇನೆ. ನೀವಿಬ್ಬರೂ ಇದನ್ನು ನೋಡಿ ನಗುತ್ತೀರಿ. ಮೊನ್ನೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬರುವಾಗ ದೊಡ್ಡವಳು ಕೇಳಿಯೂ ಬಿಟ್ಟಳು: “ಅಜ್ಜಿ, ತಗೊಳ್ಳಲ್ಲ ಅಂದ್ಮೇಲೆ ಯಾಕೆ ನಿಂತ್ಕೋತೀಯ? ಆ ಅಂಕಲ್ ನಿನ್ನೇ ನೋಡ್ತಿದಾರೆ.” ಬಾಯಲ್ಲಿ ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಬರೆಯಲು ಕೂತರೆ ಅಷ್ಟಿಷ್ಟು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮರುವರ್ಷ ನಾನು ಒಂದು ಕೆಲಸಕ್ಕೆ ಸೇರಿದೆ. ನೀವಾಗ ಚಿಕ್ಕವರು, ಬುಧವಾರ ಬೆಳಿಗ್ಗೆ ಅಜ್ಜಿ ಜಡೆ ಹಾಕುವುದಿಲ್ಲ, ಅಮ್ಮನೇ ಹಾಕುತ್ತಾಳೆ ಎಂಬುದಷ್ಟೇ ನಿಮಗೆ ನೆನಪಿರಬಹುದು. ಬುಧವಾರ ನಾನು ಹೋಗುತ್ತಿದ್ದದ್ದು ತರಕಾರಿಯ ಬೆಲೆ ಬರೆದುಕೊಳ್ಳುವುದಕ್ಕೆ. ಊರಿನಲ್ಲಿ ಯಾವ ತರಕಾರಿ ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂದು ವಾರವಾರ ಪಟ್ಟಿ ಮಾಡಿ ಹೊರಡಿಸುವ ಒಂದು ಕಚೇರಿ. ಬೇರೆ ಬೇರೆ ಬಡಾವಣೆಗಳಿಗೆ ನನ್ನಂಥ ಹೆಂಗಸರನ್ನು ಹಾಕಿಕೊಂಡಿದ್ದರು. ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ರಿಟೈರಾದ ಟೀಚರಮ್ಮ ನನ್ನ ಹೆಸರು ಹೇಳಿದ್ದರು. ನಿಮ್ಮ ಅಪ್ಪ ನನ್ನನ್ನು ಯಾವತ್ತೂ ಒಂದು ಮಾತು ಅಂದವರಲ್ಲ. ಆದರೂ ಕಾಲುನೋವಿನ ಎಣ್ಣೆಗೆ, ನಶ್ಯಕ್ಕೆ, ಅಳಿಯನ ಎದುರು ನಿಲ್ಲುವುದು ನನಗೆ ಆಗುತ್ತಿರಲಿಲ್ಲ. ಹೌದು, ಆಗ ನಾನು ನಶ್ಯ ಹಾಕುತ್ತಿದ್ದೆ. ಈಗ ಬಿಟ್ಟಿದ್ದೇನೆ.

ಕಚೇರಿಯ ಸಾಹೇಬರು ನನ್ನ ಕೈಬರಹ ನೋಡಲು ಒಂದು ಕಾಗದ ಕೊಟ್ಟರು. ನಾನು ಮಾಗಡಿ ಕಡೆಯ ಹಳ್ಳಿಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು. ಅಂಕಿಗಳನ್ನು ಕನ್ನಡದಲ್ಲೇ ಬರೆದೆ. ಅವರು ನನ್ನ ೭ ನೋಡಿ, “ಇದೇನಮ್ಮ, ಎರಡಾ?” ಎಂದರು. ನಾಚಿಕೆಯಿಂದ ಕಾಗದ ವಾಪಸ್ಸು ಇಸಿದುಕೊಂಡು ಇಂಗ್ಲಿಷ್ ಅಂಕಿ ಬರೆದೆ. ಆಮೇಲೆ ಅವರು ಹೇಳಿದ ಒಂದು ಮಾತು ನನಗೆ ಚೆನ್ನಾಗಿ ನೆನಪಿದೆ. “ನೋಡಿ, ಅವರು ಹೇಳಿದ ಬೆಲೆ ಬರೀಬೇಡಿ. ಕೊಟ್ಟ ಬೆಲೆ ಬರೀರಿ. ನಲವತ್ತು ಅಂತಾರೆ, ಮೂವತ್ತೈದಕ್ಕೆ ಕೊಡ್ತಾರೆ. ನಮಗೆ ಬೇಕಾಗಿರೋದು ಮೂವತ್ತೈದು.”

ನನ್ನ ಪಾಲಿಗೆ ಬಂದದ್ದು ಮೂರು ಜಾಗ. ಬಸವನಗುಡಿಯ ಗಾಂಧಿಬಜಾರಿನಲ್ಲಿ ಒಂದು ಗಾಡಿ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಒಂದು ಅಂಗಡಿ, ನಮ್ಮ ಚಾಮರಾಜಪೇಟೆಯಲ್ಲೇ ಇನ್ನೊಂದು. ಪ್ರತಿ ವಾರ ಅದೇ ಗಾಡಿ, ಅದೇ ಅಂಗಡಿ, ಅದೇ ಹೊತ್ತು, ಬದಲಾಯಿಸುವ ಹಾಗಿಲ್ಲ. ಟೊಮೊಟೊ, ಈರುಳ್ಳಿ, ಆಲೂಗಡ್ಡೆ, ಹುರುಳಿಕಾಯಿ, ಬೆಂಡೆ, ಬದನೆ, ಕ್ಯಾರೆಟ್ ಹೀಗೆ ಹದಿನಾಲ್ಕು ಬಾಬ್ತು. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು ಗಾಂಧಿಬಜಾರಿಗೆ ನಡೆಯುವುದು, ಅಲ್ಲಿಂದ ಬಸ್ಸು ಹಿಡಿದು, ಮಾರ್ಕೆಟ್ಟಿನಲ್ಲಿ ಇಳಿದು ಇನ್ನೊಂದು ಬಸ್ಸಿನಲ್ಲಿ ಮಲ್ಲೇಶ್ವರಕ್ಕೆ ಹೋಗುವುದು, ಮತ್ತೆ ಹಾಗೇ ವಾಪಸ್ಸು ಬಂದು ಚಾಮರಾಜಪೇಟೆಯದನ್ನು ಮುಗಿಸುವುದು. ಮೊದಲ ಆರು ತಿಂಗಳು ಇದು ಸುಲಭವಾಗಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನನಗೆ ಹಣ ಉಳಿಯಿತು, ಸೀಟು ಸಿಗದಾಯಿತು.

ಮಲ್ಲೇಶ್ವರದ ಅಂಗಡಿಯವನು ಬಾಯಿಬಡುಕ. ನಾನು ಚೀಟಿ ತೆಗೆಯುವಷ್ಟರಲ್ಲೇ ಕೂಗುತ್ತಿದ್ದ: “ಬಂದ್ರು ನೋಡಿ ರೇಟಮ್ಮ! ವಾರ ವಾರ ಕೇಳ್ಕೊಂಡು ಹೋಗ್ತೀರಲ್ಲ, ಯಾವತ್ತಾದ್ರೂ ಒಂದು ಬದನೆಕಾಯಿ ತಗೊಂಡಿದೀರಾ? ಮನೇಲಿ ರೇಟ್ ಹಾಕೇ ಹುಳಿ ಮಾಡ್ತೀರಾ?” ಕೊಳ್ಳುತ್ತಿದ್ದ ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿ ನಗುತ್ತಿದ್ದರು. ನಾನೂ ನಕ್ಕಂತೆ ಮಾಡಿ, ಸೆರಗು ಸರಿಮಾಡಿಕೊಂಡು, ಅವನು ಹೇಳಿದ್ದು ಬರೆದುಕೊಂಡು, ಮತ್ತೆ ಪಕ್ಕದಲ್ಲಿ ನಿಂತು ನಿಜವಾಗಿ ಎಷ್ಟಕ್ಕೆ ಕೊಡುತ್ತಾನೆ ಎಂದು ಕೇಳಿಸಿಕೊಂಡು ತಿದ್ದುತ್ತಿದ್ದೆ. ಈ ಕೆಲಸದಲ್ಲಿ ನನ್ನ ಸಂಕೋಚವೇ ನನಗೆ ಅನುಕೂಲವಾಗಿತ್ತು. ಕೇಳುವುದಕ್ಕೆ ನನಗೆ ನಾಲಗೆ ಬರುತ್ತಿರಲಿಲ್ಲ, ಕೇಳಿಸಿಕೊಳ್ಳುವುದು ಬರುತ್ತಿತ್ತು.

ಗಾಂಧಿಬಜಾರಿನಲ್ಲಿ ಮಾತ್ರ ನಾನು ಚೀಟಿ ತೆಗೆಯುತ್ತಲೇ ಇರಲಿಲ್ಲ. ಅಲ್ಲಿ ಗಾಡಿ ಇಟ್ಟುಕೊಂಡಿದ್ದವಳು ನಲವತ್ತರ ಆಸುಪಾಸಿನ ಹೆಂಗಸು. ಹಣೆ ತುಂಬ ಕುಂಕುಮ, ಎರಡೂ ಕೈಗೆ ಹಸಿರು ಬಳೆ, ಸೀರೆಯ ಮೇಲೆ ಗಂಡಸಿನ ಶರಟು. ನಸುಕಿನಲ್ಲೇ ಕಲಾಸಿಪಾಳ್ಯದ ಸಗಟು ಮಾರ್ಕೆಟ್ಟಿಗೆ ಹೋಗಿ ಮೂಟೆ ಎತ್ತಿಸಿಕೊಂಡು ಆಟೋದಲ್ಲಿ ಬರುತ್ತಿದ್ದಳು. ನಾನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅವಳು ಹುರುಳಿಕಾಯಿಯನ್ನು ಒಂದೇ ದಿಕ್ಕಿಗೆ ಜೋಡಿಸಿ, ಟೊಮೊಟೊ ಒರೆಸಿ, ಊದುಬತ್ತಿ ಹಚ್ಚಿ ತಕ್ಕಡಿಗೆ ಬೆಳಗುತ್ತಿರುತ್ತಿದ್ದಳು. ಇನ್ನೂ ಬೋಣಿ ಆಗಿರುತ್ತಿರಲಿಲ್ಲ.

ಬೋಣಿ ಎಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಮನೆಗೆ ತರಕಾರಿ ಫೋನಿನಿಂದ ಬರುತ್ತದೆ. ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಎನ್ನುತ್ತಾರೆ. ಅದು ಯಾರ ಕೈಯಿಂದ ಆಗುತ್ತದೋ ಆ ಕೈಯ ಗುಣದಂತೆ ಇಡೀ ದಿನದ ವ್ಯಾಪಾರ ಎಂದು ನಂಬಿಕೆ. ನಮ್ಮ ಹಳ್ಳಿಯಲ್ಲಿ ಗಂಡ ಸತ್ತವರು ಬೆಳಿಗ್ಗೆ ಅಂಗಡಿಗೆ ಮೊದಲು ಹೋಗುತ್ತಿರಲಿಲ್ಲ. ಹೋಗಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನ್ನ ಸೋದರತ್ತೆ ಉಪ್ಪು ಬೇಕಾದರೂ ಅಂಗಡಿಯ ಜಗಲಿಯ ಆಚೆ, ಬೇರೆಯವರು ಬಂದು ಹೋಗುವವರೆಗೆ, ಏನೋ ಮರೆತವಳ ಹಾಗೆ ನಿಂತಿರುತ್ತಿದ್ದಳು. ನಿಮ್ಮ ತಾತ ಹೋದ ಮೇಲೆ ಯಾರೂ ಹೇಳದೆಯೇ ನಾನೂ ಹಾಗೆ ಮಾಡತೊಡಗಿದೆ. ಇದು ಬೆಂಗಳೂರು, ಇಲ್ಲಿ ಯಾರು ನೋಡುತ್ತಾರೆ ಎಂದು ಮನಸ್ಸಿಗೆ ಹೇಳಿಕೊಂಡರೂ ಕಾಲು ಮುಂದೆ ಹೋಗುತ್ತಿರಲಿಲ್ಲ. ಗಾಡಿಯಿಂದ ಹತ್ತು ಮಾರು ದೂರದಲ್ಲಿ ಒಂದು ದೀಪದ ಕಂಬ. ಅದರ ಬುಡದಲ್ಲಿ ನಿಂತು ಬೋಣಿಯಾಗುವುದನ್ನು ಕಾಯುತ್ತಿದ್ದೆ.

ಹೆಚ್ಚು ಕಾಯಬೇಕಾಗುತ್ತಿರಲಿಲ್ಲ. ಬುಧವಾರ ಬುಧವಾರ ಒಬ್ಬ ಯಜಮಾನರು ವಾಕಿಂಗ್ ಮುಗಿಸಿ, ಬೇಸಿಗೆಯಲ್ಲೂ ಮಂಕಿ ಕ್ಯಾಪು ಹಾಕಿಕೊಂಡು, ಎರಡು ಚೀಲ ಹಿಡಿದು ಬರುತ್ತಿದ್ದರು. ಇಡೀ ವಾರದ ತರಕಾರಿ ಒಂದೇ ಸಲ ಒಯ್ಯುತ್ತಿದ್ದರು. ಏನೂ ಬಿಡದೆ ಎಲ್ಲದರ ಬೆಲೆಯನ್ನೂ ಗಟ್ಟಿಯಾಗಿ ಕೇಳುವ ಸ್ವಭಾವ. ನನಗೆ ಅದಕ್ಕಿಂತ ಇನ್ನೇನು ಬೇಕು?

“ಟೊಮೊಟೊ ಎಷ್ಟಮ್ಮ?”

“ಇಪ್ಪತ್ತೆಂಟು ಸಾಮಿ.”

“ಬೋಣಿ ಕಣಮ್ಮ. ನನ್ನ ಕೈ ಎಂಥದ್ದು ಅಂತ ನಿನಗೇ ಗೊತ್ತು. ಇಪ್ಪತ್ತೆರಡು ಮಾಡ್ಕೊ.”

“ಬೋಣಿ ಟೈಮಲ್ಲಿ ನಾನೇನು ಹೇಳ್ಲಿ. ತಗೊಳಿ.”

ಹೀಗೆ ಹದಿನಾಲ್ಕು ಬಾಬ್ತೂ ಮುಗಿಯುತ್ತಿತ್ತು. ಗಾಡಿಗೆ ಫೋನಿನಿಂದ ಹಣ ಹಾಕುವ ಚೌಕದ ಚೀಟಿ ನೇತಾಡುತ್ತಿದ್ದರೂ ಅವರಿಂದ ಮಾತ್ರ ಅವಳು ನೋಟೇ ಇಸಿದುಕೊಳ್ಳುತ್ತಿದ್ದಳು. “ಫೋನಲ್ಲಿ ಟಿಂಗ್ ಅಂದ್ರೆ ಬೋಣಿ ಆಗಲ್ಲ ಸಾಮಿ, ಕೈಗೆ ಬರ್ಬೇಕು” ಎಂದು ಆ ನೋಟನ್ನು ಕಣ್ಣಿಗೊತ್ತಿ, ತಕ್ಕಡಿಗೆ ಮುಟ್ಟಿಸಿ ಸೊಂಟದ ಚೀಲಕ್ಕೆ ಹಾಕುತ್ತಿದ್ದಳು. ನಾನು ಆ ಅಂಕಿಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಹೋಗಿ ಹತ್ತು ರೂಪಾಯಿಯ ಕೊತ್ತಂಬರಿ ತೆಗೆದುಕೊಂಡು, ಬಸ್ ಸ್ಟಾಪಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ನಾನು ಬೆಲೆ ಬರೆಯುವವಳು ಎಂದು ಅವಳಿಗೆ ಗೊತ್ತಿರಲಿಲ್ಲ. ಮೊದಲ ದಿನವೇ ಹೇಳಿ ಪರಿಚಯ ಮಾಡಿಕೊಳ್ಳಿ ಎಂದು ಸಾಹೇಬರು ಹೇಳಿದ್ದರು. ಇವತ್ತು ಬೇಡ, ಮುಂದಿನ ವಾರ ಹೇಳೋಣ ಎಂದುಕೊಂಡೇ ಒಂದೂವರೆ ವರ್ಷ ಕಳೆಯಿತು.

ಒಂದು ಬುಧವಾರ ನನಗೆ ವಿಪರೀತ ಕಾಲುನೋವು. ಗಾಂಧಿಬಜಾರಿನ ರಸ್ತೆಯನ್ನೆಲ್ಲ ಅಗೆದು ಹಾಕಿದ್ದ ಕಾಲ ಅದು. ಮಣ್ಣಿನ ದಿಬ್ಬ ಹತ್ತಿ ಇಳಿದು ಮಂಡಿ ಊದಿತ್ತು. ಬಸ್ ಸ್ಟಾಪಿನವರೆಗೂ ಹೋಗಲಾರದೆ ಗಾಡಿಯ ಹಿಂದಿನ ಗೋಡೆಯ ಪಕ್ಕ, ಅಗೆದು ಇಟ್ಟಿದ್ದ ಚಪ್ಪಡಿಯ ಮೇಲೆ ಕೂತುಬಿಟ್ಟೆ. ಒಂಬತ್ತು ಗಂಟೆಯಾದರೂ ಏಳಲು ಮನಸ್ಸು ಬರಲಿಲ್ಲ. ಕೂತಲ್ಲಿಂದಲೇ ವ್ಯಾಪಾರ ಕೇಳಿಸುತ್ತಿತ್ತು. ಬೋಣಿಗೆ ಇಪ್ಪತ್ತೆರಡಕ್ಕೆ ಹೋಗಿದ್ದ ಟೊಮೊಟೊ ಈಗ ಒಬ್ಬಳಿಗೆ ಇಪ್ಪತ್ತೆಂಟು. ಇನ್ನೊಬ್ಬಳಿಗೆ ಇಪ್ಪತ್ತೆಂಟು. ಮೂರನೆಯವಳು ಬಹಳ ಜಗಳವಾಡಿ ಇಪ್ಪತ್ತೇಳಕ್ಕೆ ಒಯ್ದಳು. ಇದೇನು, ಒಂದೇ ದಿನ ಒಂದೇ ಗಾಡಿಯಲ್ಲಿ ಹೀಗೆ ಎಂದು ನಾನು ಯೋಚಿಸುತ್ತಿರುವಾಗಲೇ ಸ್ಕೂಟರಿನಲ್ಲಿ ಒಬ್ಬಾತ ಬಂದ. ಹತ್ತಿರದ ಒಂದು ಹಾಸ್ಟೆಲ್ಲಿನ ಅಡುಗೆಮನೆ ನೋಡಿಕೊಳ್ಳುವವನು. ದಿನವೂ ಹತ್ತು ಹದಿನೈದು ಕೆಜಿ ಅವಳಲ್ಲೇ ಒಯ್ಯುತ್ತಿದ್ದ ಎಂದು ಅವರ ಮಾತಿನಿಂದ ತಿಳಿಯಿತು.

“ಪಟ್ಟೀಲಿ ಇಪ್ಪತ್ತೆರಡು ಇದೆ. ನೀನು ಇಪ್ಪತ್ತೆಂಟು ಅಂತೀಯ. ನೋಡಿಲ್ಲಿ” ಎಂದು ಅವನು ಫೋನನ್ನು ಅವಳ ಮುಖಕ್ಕೆ ಹಿಡಿದ.

“ಅಣ್ಣ, ಕಲಾಸಿಪಾಳ್ಯದಲ್ಲೇ ನಂಗೆ ಇಪ್ಪತ್ತು ಬಿದ್ದಿದೆ. ಆಟೋ ಬೇರೆ, ಕೊಳೆತಿದ್ದು ಬೇರೆ. ಇಪ್ಪತ್ತೆರಡಕ್ಕೆ ಕೊಟ್ರೆ ನಾನೇನು ಮಣ್ಣು ತಿನ್ಲಾ?”

“ಬಸವನಗುಡಿ ರೇಟು ಅಂತಾನೇ ಹಾಕಿದಾರಮ್ಮ. ಇದೇನು ನಾನು ಬರೆದಿದ್ದಾ? ನಮ್ಮ ಮೇಲಿನೋರು ಪಟ್ಟಿಗಿಂತ ಒಂದು ರೂಪಾಯಿ ಜಾಸ್ತಿ ಕೊಡಲ್ಲ ಅಂತಿದಾರೆ. ತಿಂಗಳ ಕೊನೇವರೆಗೂ ನೋಡ್ತೀನಿ. ಆಗಲ್ಲ ಅಂದ್ರೆ ವ್ಯಾನಿನೋರು ತಂದು ಹಾಕ್ತೀವಿ ಅಂತಿದಾರೆ, ಅವರಿಗೆ ಹೇಳ್ಬಿಡ್ತೀನಿ.”

ಅವಳು ಪಟ್ಟಿಯ ಬೆಲೆಗೇ ತೂಗಿ ಕೊಟ್ಟಳು. ಸ್ಕೂಟರು ಹೋದ ಮೇಲೆ ಪಕ್ಕದ ಹೂವಿನವಳಿಗೆ ಹೇಳಿದಳು: “ಯಾವ ಮನೆಹಾಳರು ಕೂತ್ಕೊಂಡು ಬರೀತಾರೋ ಆ ರೇಟು, ಅವರ ಕೈ ಸೇದಿಹೋಗ. ಐದು ತಿಂಗಳಿಂದ ಹಿಂಗೇ. ಹಾಸ್ಟೆಲ್ ಹೋದ್ರೆ ನಂದು ಅರ್ಧ ಗಾಡಿ ಹೋದಂಗೆ. ಬಿಡಂಗೂ ಇಲ್ಲ, ಕೊಡಂಗೂ ಇಲ್ಲ.”

ನಾನು ನನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅದು ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ.

ಆಗ ತಿಳಿಯಿತು. ಒಂದೂವರೆ ವರ್ಷ ನಾನು ಕಳಿಸಿದ್ದೆಲ್ಲ ಬೋಣಿಯ ಬೆಲೆ. ಕಂಬದ ಬುಡದಲ್ಲಿ ಕಾದು, ಮೊದಲ ವ್ಯಾಪಾರ ಆದ ಕೂಡಲೇ ಅದನ್ನೇ ಹಿಡಿದುಕೊಂಡು ಬಸ್ಸಿಗೆ ಓಡುತ್ತಿದ್ದೆ. ಇನ್ನರ್ಧ ಗಂಟೆ ನಿಂತಿದ್ದರೆ ಸರಿಯಾದ ಬೆಲೆ ಕಿವಿಗೆ ಬೀಳುತ್ತಿತ್ತು. ಆದರೆ ನಿಂತು ನಿಂತು ನನಗೆ ಸಾಕಾಗಿರುತ್ತಿತ್ತು, ಮುಂದೆ ಎರಡು ಬಸ್ಸಿನ ದಾರಿ ಬೇರೆ. ಮಂಕಿ ಕ್ಯಾಪಿನ ಯಜಮಾನರು ಕೈಗುಣದ ನೆಪದಲ್ಲಿ ಇಳಿಸಿಕೊಂಡದ್ದೇ ಇಡೀ ಬಸವನಗುಡಿಯ ಬೆಲೆ ಎಂದು ಪಟ್ಟಿಯಲ್ಲಿ ಬರುತ್ತಿತ್ತು. ಕೊಟ್ಟ ಬೆಲೆ ಬರೆಯಿರಿ ಎಂದಿದ್ದರು. ಕೊಟ್ಟ ಬೆಲೆಯನ್ನೇ ಬರೆದಿದ್ದೆ. ಒಂದು ಸುಳ್ಳೂ ಇರಲಿಲ್ಲ. ಅದರಿಂದ ಆ ಹೆಂಗಸು ದಿನಾ ನಷ್ಟಕ್ಕೆ ತೂಗುತ್ತಿದ್ದಳು.

ಮರುದಿನವೇ ಕಚೇರಿಗೆ ಹೋದೆ. ಸಾಹೇಬರಿಗೆ ಹೇಳುವುದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಅಲ್ಲಿ ಕೂತಾಗ ಅರ್ಧ ಮರೆತುಹೋಯಿತು. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ನನಗಿಂತ ಅವರೇ ಆಯಾಸಗೊಂಡಿದ್ದ ಹಾಗೆ ಕಂಡರು.

“ಆಯ್ತಮ್ಮ, ತಪ್ಪಾಗಿದೆ. ಆದ್ರೆ ಒಂದೇ ವಾರದಲ್ಲಿ ಹದಿನಾಲ್ಕು ಬಾಬ್ತೂ ಐದಾರು ರೂಪಾಯಿ ಏರಿಬಿಟ್ರೆ ಮೇಲಿನೋರು ಸುಮ್ನಿರ್ತಾರಾ? ಇಷ್ಟು ದಿನ ಏನು ಮಾಡ್ತಿದ್ರಿ ಅಂತ ಕೇಳ್ತಾರೆ. ನಿಮ್ಮನ್ನೂ ತೆಗೀತಾರೆ, ನನಗೂ ನೋಟೀಸು. ಒಂದು ಕೆಲಸ ಮಾಡಿ. ವಾರಕ್ಕೊಂದು ರೂಪಾಯಿ ಏರಿಸ್ಕೊಂಡು ಹೋಗಿ. ಎರಡು ತಿಂಗಳಲ್ಲಿ ತಾನಾಗೇ ಸರಿಹೋಗುತ್ತೆ.”

ನಾನು ತಲೆಯಾಡಿಸಿದೆ. ಇಲ್ಲ ಎನ್ನುವುದಕ್ಕೆ ಯಾವತ್ತೂ ನನಗೆ ಬಂದದ್ದೇ ಇಲ್ಲ.

ಎರಡು ಬುಧವಾರ ಹಾಗೇ ಮಾಡಿದೆ. ಬೋಣಿಯ ಬೆಲೆಯ ಮೇಲೆ ಮೊದಲ ವಾರ ಒಂದು ರೂಪಾಯಿ, ಮರುವಾರ ಎರಡು. ಕೆಲಸ ಎಷ್ಟು ಸುಲಭವಾಯಿತೆಂದರೆ ನನಗೇ ಹೆದರಿಕೆಯಾಯಿತು. ಹದಿನಾಲ್ಕು ಅಂಕಿ, ಯಾರ ಬಾಯಿಂದಲೂ ಬಾರದ ಅಂಕಿ. ಕೇಳಿದ್ದನ್ನು ಬರೆಯುವಷ್ಟು ದಿನ ನನಗೆ ಕಾಲು ನೋಯುತ್ತಿತ್ತು ಅಷ್ಟೆ. ಇದನ್ನು ಬರೆದ ಮೇಲೆ ಊಟ ಸೇರದಾಯಿತು. ನಿಮ್ಮ ಅಮ್ಮ, “ಸಾಕು ಬಿಡಮ್ಮ ಆ ಕೆಲಸ, ಮುಖ ಬಾಡಿಹೋಗಿದೆ” ಎಂದಳು. ಬಿಡುವುದೇನೋ ಸುಲಭ. ನಾನು ಬಿಟ್ಟರೆ ನನ್ನ ಅಂಕಿಯ ಮೇಲೇ ಬೇರೆಯವರು ಒಂದೊಂದು ರೂಪಾಯಿ ಏರಿಸಿಕೊಂಡು ಹೋಗುತ್ತಾರೆ. ಎರಡು ತಿಂಗಳು ಎಂದರೆ ಎರಡು ತಿಂಗಳೇ. ಹಾಸ್ಟೆಲ್ಲಿನವನು ತಿಂಗಳ ಕೊನೆ ಎಂದಿದ್ದಾನೆ.

ಎರಡನೆಯ ವಾರ ಅವಳ ಗಾಡಿಯಲ್ಲಿ ಟೊಮೊಟೊ ಕಡಿಮೆ ಇತ್ತು. ಹೂವಿನವಳು ಕೇಳಿದ್ದಕ್ಕೆ, “ಯಾರಿಗೆ ಅಂತ ಎತ್ಕೊಂಡು ಬರ್ಲಿ ಅಕ್ಕ? ಜಾಸ್ತಿ ತಂದ್ರೆ ಜಾಸ್ತಿ ಲಾಸು” ಎಂದಳು. ಬಳೆಗಳನ್ನು ಮೇಲಕ್ಕೆ ತಳ್ಳಿಕೊಂಡು ಹುರುಳಿಕಾಯಿಯನ್ನೇ ಮತ್ತೆ ಮತ್ತೆ ಜೋಡಿಸುತ್ತಿದ್ದಳು.

ಮೂರನೆಯ ಬುಧವಾರ ನಾನು ಬೋಣಿಯಾದ ಮೇಲೆ ಹೋಗಲಿಲ್ಲ. ಚಪ್ಪಡಿಯ ಮೇಲೆ ಕೂತು ಎಂಟೂಮುಕ್ಕಾಲಿನವರೆಗೆ ಕೇಳಿಸಿಕೊಂಡೆ. ಯಜಮಾನರು ಟೊಮೊಟೊ ಇಪ್ಪತ್ತನಾಲ್ಕಕ್ಕೆ ಒಯ್ದರು. ಆಮೇಲೆ ಬಂದ ಏಳು ಜನರಲ್ಲಿ ಐವರಿಗೆ ಮೂವತ್ತು. ಮೂವತ್ತು ಎಂದೇ ಬರೆದೆ. ಹದಿನಾಲ್ಕು ಬಾಬ್ತಿಗೂ ಹಾಗೇ. ಮಲ್ಲೇಶ್ವರಕ್ಕೆ ತಡವಾಗಿ ಹೋದದ್ದಕ್ಕೆ ಅಂಗಡಿಯವನು, “ಏನ್ ರೇಟಮ್ಮ, ಇವತ್ತು ಬೆಲೆ ಎಲ್ಲಾ ಖಾಲಿ, ನಾಳೆ ಬನ್ನಿ” ಎಂದ. ಕಾಗದದ ಕೊನೆಯಲ್ಲಿ ವಿಶೇಷ ಏನಾದರೂ ಇದ್ದರೆ ಬರೆಯಲು ಎರಡು ಗೆರೆ ಜಾಗವಿತ್ತು. ಯಾವತ್ತೂ ಖಾಲಿ ಬಿಡುತ್ತಿದ್ದೆ. ಅಲ್ಲಿ ಕನ್ನಡದಲ್ಲಿ ಬರೆದೆ: ಗಾಂಧಿಬಜಾರಿನಿಂದ ಇಷ್ಟು ದಿನ ಕಳಿಸಿದ್ದು ಬೋಣಿ ಬೆಲೆ. ಇವತ್ತಿನದು ದಿನದ ಬೆಲೆ. ತಪ್ಪು ನನ್ನದು.

ಸಂಜೆ ಸಾಹೇಬರ ಫೋನು ಬಂತು.

“ಏನಮ್ಮ ಇದು? ನಾನು ಹೇಳಿದ್ದೇನು, ನೀವು ಮಾಡಿದ್ದೇನು?”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.

“ಬೋಣಿ ಅಂತ ಬರೆದಿದೀರ. ನಮ್ಮಲ್ಲಿ ಬೋಣಿ ಅಂತ ಕಾಲಂ ಇಲ್ಲಮ್ಮ. ಇದನ್ನ ಇಂಗ್ಲಿಷಲ್ಲಿ ಏನಂತ ಹಾಕ್ಲಿ ನಾನು?”

“ಕಾಲಂ ಇಲ್ದೇ ಇದ್ರೂ ಬೋಣಿ ಇದೆಯಲ್ಲ ಸಾರ್” ಎಂದೆ. ನನ್ನ ಧ್ವನಿ ನನಗೇ ಬೇರೆಯವರದು ಅನ್ನಿಸಿತು. “ಆಯಮ್ಮನ ಗಾಡಿ ಹೋಗುತ್ತೆ ಸಾರ್. ತಿಂಗಳ ಕೊನೆಗೆ ಹೋಗುತ್ತೆ. ನನ್ನ ತೆಗೆದ್ರೆ ತೆಗೀಲಿ.”

ಅವರ ಹಿಂದೆ ಫ್ಯಾನಿನ ಸದ್ದು ಕೇಳುತ್ತಿತ್ತು. “ಸರಿ, ಹಾಗೇ ಹಾಕ್ತೀನಿ. ಯಾರಾದ್ರೂ ಕೇಳಿದ್ರೆ ನಿಮ್ಮ ನಂಬರ್ ಕೊಡ್ತೀನಿ, ನೀವೇ ಹೇಳ್ಕೊಳಿ” ಎಂದು ಇಟ್ಟುಬಿಟ್ಟರು.

ಒಂದು ವಾರ ಫೋನನ್ನು ಪಕ್ಕದಲ್ಲಿಟ್ಟುಕೊಂಡೇ ಕೂತೆ. ಸ್ನಾನಕ್ಕೆ ಹೋದರೆ ನಿಮ್ಮ ಅಮ್ಮನ ಕೈಗೆ ಕೊಟ್ಟು ಹೋಗುತ್ತಿದ್ದೆ. ಏನು ಹೇಳಬೇಕು ಎಂದು ಮತ್ತೆ ಬಾಯಿಪಾಠ. ಯಾರೂ ಕೇಳಲಿಲ್ಲ. ಹದಿನಾಲ್ಕು ಬಾಬ್ತು ಒಂದೇ ಸಲ ಮೇಲೆ ಹಾರಿದ್ದು ಮೇಲಿನವರ ಕಣ್ಣಿಗೆ ಬೀಳಲೇ ಇಲ್ಲವೋ, ಬಿದ್ದರೂ ತರಕಾರಿ ಅಂದರೆ ಹೀಗೇ ಎಂದುಕೊಂಡರೋ. ಸಾಹೇಬರೂ ಆ ಮಾತು ಮತ್ತೆ ಎತ್ತಲಿಲ್ಲ.

ಆದರೆ ಸ್ಕೂಟರಿನವನ ಕಣ್ಣಿಗೆ ಬಿದ್ದಿತ್ತು. ಮುಂದಿನ ಬುಧವಾರ ನಾನು ಚಪ್ಪಡಿಯ ಮೇಲೆ ಕೂತಿದ್ದಾಗಲೇ ಬಂದು, “ಪಟ್ಟೀಲೇ ಮೂವತ್ತು ಬಂದಿದೆ, ಇನ್ನೇನು ಮಾಡೋದು. ಹಾಕು” ಎಂದು ಗೊಣಗಿದ. ಅವಳಿಗೆ ನಂಬಿಕೆಯಾಗಲಿಲ್ಲ, ಎರಡು ಸಲ ಕೇಳಿದಳು. ಅವನು ಹೋದ ಮೇಲೆ ಕೈಯನ್ನು ಆಕಾಶಕ್ಕೆ ಮುಗಿದು, “ಯಾವ ಪುಣ್ಯಾತ್ಗಿತ್ತಿ ಸರಿ ಮಾಡಿದ್ಲೋ, ಅವಳ ಹೊಟ್ಟೆ ತಣ್ಣಗಿರ್ಲಿ” ಎಂದಳು. ಪುಣ್ಯಾತ್ಗಿತ್ತಿ ಎಂದೇ ಯಾಕೆ ಅಂದಳೋ. ಶಾಪ ಹಾಕಿದಾಗ ಸುಮ್ಮನೆ ಕೂತಿದ್ದೆ. ಈ ಹರಕೆ ಕೇಳಿಕೊಂಡು ಮಾತ್ರ ಕೂರಲಾಗಲಿಲ್ಲ. ಎದ್ದು ಹೋಗಿ ಗಾಡಿಯ ಪಕ್ಕ ನಿಂತೆ.

“ಆ ಪಟ್ಟಿ ಬರೆಯೋಳು ನಾನೇ ಕಣಮ್ಮ” ಎಂದೆ.

“ಯಾವ ಪಟ್ಟಿ?”

“ಅವರು ಫೋನಲ್ಲಿ ತೋರಿಸ್ತಾರಲ್ಲ. ಅದಕ್ಕೆ ಇಲ್ಲಿಂದ ಬರ್ಕೊಂಡು ಹೋಗೋಳು ನಾನು. ಕಡಿಮೆ ಬರೆದಿದ್ದೂ ನಾನೇ.”

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ನೀವಾ? ಯಾವತ್ತೂ ನನ್ನ ಒಂದು ಮಾತು ಕೇಳಿಲ್ವಲ್ಲಮ್ಮ.”

“ಬೋಣಿ ಆಗೋದನ್ನ ಕಾಯ್ತಿದ್ದೆ. ಆದ ತಕ್ಷಣ ಆ ಬೆಲೇನೇ ಬರ್ಕೊಂಡು ಹೋಗ್ತಿದ್ದೆ. ಮುಂಚೇನೇ ಬಂದ್ರೆ ನಿನಗೆ...”

“ಗೊತ್ತು” ಎಂದಳು. “ಆ ಕಂಬದ ಹತ್ರ ನಿಂತಿರ್ತಿದ್ರಲ್ಲ. ಯಾರೋ ಒಳ್ಳೇ ಹೆಂಗಸು, ತಿಳ್ಕೊಂಡು ದೂರ ನಿಂತ್ಕೋತಾರೆ ಅಂತ ನಾನೂ ಅಂದ್ಕೋತಿದ್ದೆ.”

ಅವಳು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನನ್ನ ಗುಣ ಹೊಗಳುವ ಹಾಗೆಯೇ ಹೇಳಿದಳು. ಇದು ಬೆಂಗಳೂರು, ಯಾರು ನೋಡುತ್ತಾರೆ ಎಂದುಕೊಂಡಿದ್ದೆ. ಅವಳು ಒಂದೂವರೆ ವರ್ಷದಿಂದ ನೋಡುತ್ತಿದ್ದಳು, ನಾನು ದೂರ ನಿಂತದ್ದು ಅವಳಿಗೆ ಸಮಾಧಾನವಾಗಿತ್ತು. ನಾನೇ ಹೋಗಿ ನಿಂತದ್ದು.

“ಬೋಣಿ ರೇಟು ಒಂದು ರೇಟಾ ಅಮ್ಮ?” ಎಂದು ಅವಳೇ ಮುಂದುವರಿಸಿದಳು. “ಅದು ದೇವ್ರಿಗೆ ಬಿಟ್ಟಿದ್ದು. ಅದರಲ್ಲಿ ಲಾಭ ನೋಡಲ್ಲ ನಾವು. ಕರ್ಪೂರ ಹಚ್ಚಿದ್ದಕ್ಕೆ ಯಾರಾದ್ರೂ ಲೆಕ್ಕ ಬರೀತಾರಾ?” ಆಮೇಲೆ ಏನೋ ನೆನಪಾಗಿ ನಕ್ಕಳು. “ಅಯ್ಯೋ, ನಿಮ್ಮ ಎದುರಿಗೇ ನಿಮ್ಮ ಕೈಗೆ ಶಾಪ ಹಾಕಿದ್ನಾ?”

“ಹಾಕಿದೆ.”

“ಏನೂ ಆಗಿಲ್ಲ ತಾನೇ?”

“ಇಲ್ಲ, ಕಾಲೇ ನೋಯೋದು” ಎಂದೆ. ಇಬ್ಬರೂ ನಕ್ಕೆವು.

ಇಲ್ಲಿಗೆ ಮುಗಿಯಿತು ಎಂದು ನೀವು ಅಂದುಕೊಂಡರೆ ಅದು ಹಾಗಾಗಲಿಲ್ಲ. ಮುಂದಿನ ಬುಧವಾರದಿಂದ ಅವಳು ನನ್ನನ್ನು ನೋಡಿದ ಕೂಡಲೇ ಧ್ವನಿ ಎತ್ತರಿಸತೊಡಗಿದಳು. “ಟೊಮೊಟೊ ಮೂವತ್ತೈದು! ಹುರುಳಿಕಾಯಿ ಎಪ್ಪತ್ತು!” ಕೊಳ್ಳಲು ಬಂದ ಹೆಂಗಸು, “ಆ ಕಡೆ ಮೂವತ್ತಕ್ಕೆ ಕೊಡ್ತಿದಾರಲ್ಲ” ಎಂದರೆ ಬಗ್ಗಿ ಮೆಲ್ಲಗೆ, “ನೀವೂ ಮೂವತ್ತೇ ಕೊಡಿ, ಸುಮ್ನೆ ತಗೊಂಡೋಗಿ” ಎನ್ನುತ್ತಿದ್ದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, “ಬರ್ಕೊಂಡ್ರಾ ಅಮ್ಮ? ಮೂವತ್ತೈದು!” ನನ್ನ ಕಿವಿ ಇನ್ನೂ ಚೆನ್ನಾಗಿಯೇ ಇತ್ತು. ಮೂವತ್ತು ಎಂದು ಬರೆದೆ.

ಮರುವಾರ ಹಾಸ್ಟೆಲ್ಲಿನವನು ಮೂವತ್ತೇ ಕೊಟ್ಟ. ಅವಳು ನನ್ನ ಹತ್ತಿರ ಬಂದಳು.

“ನಾನು ಮೂವತ್ತೈದು ಅಂದಿದ್ದು ಕೇಳಿಸ್ಲಿಲ್ವಾ ನಿಮಗೆ?”

“ಕೇಳಿಸ್ತು. ಕೊಟ್ಟಿದ್ದು ಮೂವತ್ತಲ್ವೇನಮ್ಮ?”

“ಅಷ್ಟು ತಿಂಗಳು ಕಡಿಮೆ ಬರೆದ್ರಲ್ಲ. ನಾಲ್ಕು ವಾರ ಜಾಸ್ತಿ ಬರೆದ್ರೆ ಏನು ಹೋಗುತ್ತೆ ನಿಮ್ಮ ಗಂಟು?”

ಅವಳು ಕೇಳಿದ್ದರಲ್ಲಿ ನ್ಯಾಯವಿರಲಿಲ್ಲ ಎನ್ನಲು ನನಗೆ ಇವತ್ತಿಗೂ ಧೈರ್ಯವಿಲ್ಲ. ನನ್ನಿಂದ ಕಳೆದುಕೊಂಡದ್ದನ್ನು ನನ್ನಿಂದಲೇ ಕೇಳಿದಳು. ಆದರೆ ಅಂಥ ಅಂಕಿ ಎರಡು ವಾರ ಬರೆದು ನೋಡಿದ್ದೆ, ಮತ್ತೆ ನನ್ನಿಂದ ಆಗುತ್ತಿರಲಿಲ್ಲ. “ಆಗಲ್ಲ ಕಣಮ್ಮ” ಎಂದಷ್ಟೇ ಹೇಳಿದೆ. ಅವಳು, “ಬಿಡಿ, ನೀವು ಆಫೀಸಿನ ಕಡೆಯೋರು” ಎಂದು ಬೆನ್ನು ತಿರುಗಿಸಿ ನೀರು ಚಿಮುಕಿಸತೊಡಗಿದಳು.

ಆ ಗಾಡಿಯಲ್ಲಿ ಇನ್ನು ನಾನು ನಿಜವಾದ ಬೆಲೆ ಕೇಳಿಸಿಕೊಳ್ಳಲಾರೆ ಎಂದು ಗೊತ್ತಾಯಿತು. ನಾನು ಯಾರೆಂದು ತಿಳಿದವರ ಎದುರು ಆ ಕೆಲಸ ಸಾಗುವುದಿಲ್ಲ. ಸಾಹೇಬರಿಗೆ ಹೇಳಿ ಗಾಂಧಿಬಜಾರಿನಲ್ಲೇ ಆಚೆ ಕೊನೆಯ ಬೇರೆ ಗಾಡಿ ಹಾಕಿಸಿಕೊಂಡೆ. “ಮತ್ತೆ ಬೋಣಿ ಬೆಲೆ ಕಳಿಸ್ಬೇಡಿ” ಎಂದು ಅವರು ನಕ್ಕರು. ನಾನು ಗಾಡಿ ಬದಲಾಯಿಸಿದ ಮೇಲೆ ಪಟ್ಟಿ ಒಮ್ಮೆ ಒಂದು ರೂಪಾಯಿ ಮೇಲೆ, ಒಮ್ಮೆ ಕೆಳಗೆ; ಹೆಚ್ಚು ಕಡಿಮೆ ಅದೇ. ತಿಂಗಳು ಕಳೆದರೂ ಸ್ಕೂಟರಿನವನು ಅವಳಲ್ಲಿಗೇ ಬರುತ್ತಿದ್ದದ್ದನ್ನು ದೂರದಿಂದ ನೋಡಿದೆ. ಅದು ನೋಡಿದ ದಿನ ಬಸ್ಸಿನಲ್ಲಿ ನಿಂತು ಹೋದದ್ದು ಅಷ್ಟು ನೋಯಲಿಲ್ಲ.

ಆಮೇಲೆ ಒಂದು ವರ್ಷ ಆ ಕೆಲಸ ಮಾಡಿ, ಮಂಡಿಯ ಡಾಕ್ಟರು ಬೇಡವೆಂದ ಮೇಲೆ ಬಿಟ್ಟೆ. ಕಿವಿಗೆ ಮಾತ್ರ ಅಭ್ಯಾಸ ಉಳಿದುಕೊಂಡಿದೆ.

ಕೆಲಸ ಬಿಡುವ ಮೊದಲು ಒಂದು ಸಲ ಅವಳ ಗಾಡಿಗೆ ಹೋಗಿದ್ದೆ. ಹತ್ತು ಗಂಟೆಯ ಬಿಸಿಲು. ಅಷ್ಟು ಹೊತ್ತಿಗೆ ಎಷ್ಟೋ ವ್ಯಾಪಾರ ಆಗಿತ್ತು. ಆದರೂ ಗಾಡಿಯ ಮುಂದೆ ಹೋಗುವಾಗ ಕಾಲು ಒಂದು ಕ್ಷಣ ತಡೆಯಿತು. ಬೆಂಡೆಕಾಯಿ ಅರ್ಧ ಕೆಜಿ ಕೇಳಿದೆ. ಅವಳು ನನ್ನ ಮುಖ ನೋಡದೆ ಬೆಲೆ ಹೇಳಿದಳು. ಹೆಚ್ಚೋ ಕಡಿಮೆಯೋ, ನಾನು ಮರುಮಾತಾಡಲಿಲ್ಲ. ತೂಗಿ ಚೀಲಕ್ಕೆ ಹಾಕಿದಳು. ಚಿಲ್ಲರೆ ಎಣಿಸುವಾಗ ಕೈ ನಿಲ್ಲಿಸಿ, ಕೆಳಗಿನ ಗೋಣಿಯಿಂದ ಕರಿಬೇವಿನ ಎರಡು ದೊಡ್ಡ ಕಡ್ಡಿ ಎಳೆದು ಬೆಂಡೆಕಾಯಿಯ ಮೇಲೆ ಇಟ್ಟಳು.

“ಇದು ಕೊಸರು” ಎಂದಳು. “ಇದನ್ನ ಎಲ್ಲೂ ಬರೀಬೇಡಿ.”